ಕೆಲಸದಿಂದ ತೆಗೆದಾಗ: ರಾಜೀನಾಮೆ ಕಾಗದದಿಂದ ಐತೀರ್ಪಿನವರೆಗೆ

ಮಧ್ಯಾಹ್ನ ಮೂರೂವರೆಗೆ ಮೀಟಿಂಗ್ ಎಂದು ಕರೆ ಬರುತ್ತದೆ. ಚಿಕ್ಕ ಕೋಣೆಯಲ್ಲಿ ಎಚ್‌ಆರ್ ವಿಭಾಗದ ಇಬ್ಬರು ಕುಳಿತಿರುತ್ತಾರೆ, ಮೇಜಿನ ಮೇಲೆ ನಿಮ್ಮ ಹೆಸರು ಟೈಪಾಗಿರುವ ರಾಜೀನಾಮೆ ಪತ್ರ ಸಿದ್ಧವಾಗಿರುತ್ತದೆ. ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಮತ್ತು ಒಳ್ಳೆಯ ಅನುಭವ ಪತ್ರ, ಹಾಕದಿದ್ದರೆ ವಜಾ ಆದೇಶ, ಮುಂದೆ ಎಲ್ಲಿಯೂ ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಾದರೆ ಇದೇ ಸಂಗತಿ ಗೇಟಿನಲ್ಲಿ ನಡೆಯುತ್ತದೆ. ಬೆಳಿಗ್ಗೆ ಪಂಚಿಂಗ್ ಯಂತ್ರ ಕಾರ್ಡನ್ನು ಒಪ್ಪುವುದಿಲ್ಲ, ಸೆಕ್ಯೂರಿಟಿಯವರು ಒಳಗೆ ಬಿಡುವುದಿಲ್ಲ, ಕಾರಣ ಕೇಳಿದರೆ ಆಫೀಸಿನವರನ್ನು ಕೇಳಿ ಎನ್ನುತ್ತಾರೆ. ಆಫೀಸಿನವರು ಹೊರಗೆ ಬರುವುದೇ ಇಲ್ಲ.

ಹಲವು ವರ್ಷಗಳಿಂದ ಪರಿಚಯದವರ ಜೊತೆ ಕಾರ್ಮಿಕ ಇಲಾಖೆಯ ಕಚೇರಿಗಳಿಗೆ ಹೋಗಿ ಕೂತವನು ನಾನು. ಅಲ್ಲಿ ಕಂಡದ್ದರಲ್ಲಿ ಒಂದನ್ನು ಮಾತ್ರ ಹೇಳು ಎಂದರೆ ಇದನ್ನು ಹೇಳುತ್ತೇನೆ: ಬಹಳಷ್ಟು ಪ್ರಕರಣಗಳ ಭವಿಷ್ಯ ಆ ಮೊದಲ ದಿನವೇ, ಆ ಕೋಣೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಕೆಲಸದಿಂದ ತೆಗೆಯಲ್ಪಟ್ಟವರಿಗೆ ಕಾನೂನಿನಲ್ಲಿ ಸಾಕಷ್ಟು ರಕ್ಷಣೆ ಇದೆ. ತಾವಾಗಿಯೇ ಬಿಟ್ಟವರಿಗೆ ಆ ರಕ್ಷಣೆ ಇಲ್ಲ. ಆದ್ದರಿಂದಲೇ ಆ ಕಾಗದಕ್ಕೆ ನಿಮ್ಮ ಸಹಿ ಅವರಿಗೆ ಅಷ್ಟು ಮುಖ್ಯ. ಈ ಮಾರ್ಗದರ್ಶಿ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲ ಹೆಜ್ಜೆ: ಅಂದೇ ಏನು ಮಾಡಬೇಕು

ರಾಜೀನಾಮೆಗೆ ಸಹಿ ಹಾಕಬೇಡಿ. ಸಹಿ ಹಾಕಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಓದಿ, ಮನೆಯವರೊಂದಿಗೆ ಮಾತಾಡಿ ನಾಳೆ ಉತ್ತರ ಕೊಡುತ್ತೇನೆ ಎಂದು ಹೇಳಿ ಎದ್ದು ಬರಬಹುದು. ವಜಾ ಆದೇಶ ಕೊಡುತ್ತೇವೆ ಎಂದರೆ ಲಿಖಿತವಾಗಿ ಕೊಡಿ ಎಂದು ಕೇಳಿ. ವಜಾ ಆದೇಶ ಎಂದರೆ ಜನ ಹೆದರುತ್ತಾರೆ, ಆದರೆ ನ್ಯಾಯಾಲಯದಲ್ಲಿ ಪ್ರಶ್ನಿಸಲು ಬರುವುದು ಆ ಆದೇಶವನ್ನೇ.

ಕಂಪನಿಯ ಲ್ಯಾಪ್‌ಟಾಪ್ ಮತ್ತು ಇ-ಮೇಲ್ ಕೆಲವೇ ನಿಮಿಷಗಳಲ್ಲಿ ಬಂದ್ ಆಗುತ್ತವೆ. ಹಾಗಾಗಿ ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬಡ್ತಿ ಮತ್ತು ವೇತನ ಪರಿಷ್ಕರಣೆಯ ಪತ್ರಗಳು, ವಾರ್ಷಿಕ ಮೌಲ್ಯಮಾಪನದ ವರದಿ ಇವುಗಳ ಪ್ರತಿ ಕೆಲಸದಲ್ಲಿರುವಾಗಲೇ ನಿಮ್ಮ ಬಳಿ ಇರಬೇಕು. ಇವು ನಿಮಗೇ ಸಂಬಂಧಿಸಿದ ಕಾಗದಗಳು. ಗ್ರಾಹಕರ ಮಾಹಿತಿಯನ್ನೋ ಕಂಪನಿಯ ಗೌಪ್ಯ ಕಡತಗಳನ್ನೋ ಸ್ವಂತ ಮೇಲ್‌ಗೆ ಕಳುಹಿಸಿಕೊಳ್ಳಬೇಡಿ. ಅದೇ ನಿಮ್ಮ ವಿರುದ್ಧ ದುರ್ನಡತೆಯ ಆರೋಪವಾಗಿ ಬರುತ್ತದೆ.

ಅದೇ ದಿನ, ತಪ್ಪಿದರೆ ಮರುದಿನ ಬೆಳಿಗ್ಗೆ, ನಿಮ್ಮ ಸ್ವಂತ ಇ-ಮೇಲ್‌ನಿಂದ ಒಂದು ಪತ್ರ ಕಳುಹಿಸಿ. ಉದ್ದವಾಗಿರಬೇಕಿಲ್ಲ:

«ಇಂದು ಮಧ್ಯಾಹ್ನ 3.30ಕ್ಕೆ ನನ್ನನ್ನು ಕರೆದು ರಾಜೀನಾಮೆ ನೀಡುವಂತೆ ಒತ್ತಾಯಿಸಲಾಯಿತು. ನಾನು ರಾಜೀನಾಮೆ ನೀಡಿಲ್ಲ ಮತ್ತು ನೀಡಲು ಇಚ್ಛಿಸುವುದಿಲ್ಲ. ಸಂಜೆ 4 ಗಂಟೆಯಿಂದ ನನ್ನ ಪ್ರವೇಶ ಕಾರ್ಡ್ ಮತ್ತು ಇ-ಮೇಲ್ ಸ್ಥಗಿತಗೊಂಡಿವೆ. ನಾನು ಕೆಲಸಕ್ಕೆ ಹಾಜರಾಗಲು ಸಿದ್ಧನಿದ್ದೇನೆ. ನನ್ನನ್ನು ಕೆಲಸದಿಂದ ತೆಗೆದಿದ್ದರೆ ಅದರ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.»

ಇದರಲ್ಲಿ ಕೆಲಸಕ್ಕೆ ಹಾಜರಾಗಲು ಸಿದ್ಧ ಎಂಬ ವಾಕ್ಯವನ್ನು ಬಿಡಲೇಬಾರದು. ತಿಂಗಳುಗಳ ನಂತರ ಆಡಳಿತ ವರ್ಗ ಸಾಮಾನ್ಯವಾಗಿ ಹೇಳುವುದು, ನಾವು ತೆಗೆದಿಲ್ಲ, ಅವರೇ ಬರುವುದನ್ನು ಬಿಟ್ಟರು ಎಂದು. ಗೇಟಿನಲ್ಲಿ ತಡೆಯಲ್ಪಟ್ಟ ಕಾರ್ಮಿಕರು ಇದೇ ವಿಷಯವನ್ನು ಕೈಯಲ್ಲಿ ಬರೆದು, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಲು ಪ್ರಯತ್ನಿಸಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನನ್ನ ಪಕ್ಕದ ಬೀದಿಯ ಒಬ್ಬ ಟೈಲರ್ ಅಕ್ಕ ಮೂರು ದಿನ ಬೆಳಿಗ್ಗೆ ಗೇಟಿಗೆ ಹೋಗಿ, ಪ್ರತಿದಿನ ಅಲ್ಲಿಂದಲೇ ಸೂಪರ್‌ವೈಸರ್‌ಗೆ «ಗೇಟಲ್ಲಿ ನಿಂತಿದೀನಿ ಸಾರ್, ಒಳಗೆ ಬಿಡ್ತಿಲ್ಲ» ಎಂದು ವಾಟ್ಸ್‌ಆ್ಯಪ್ ಮಾಡಿದ್ದರು. ಎರಡು ನೀಲಿ ಗೆರೆ ಬಿದ್ದಿದ್ದ ಆ ಮೂರು ಸಂದೇಶಗಳೇ ಮುಂದೆ ಅವರ ಬಲವಾದ ಸಾಕ್ಷ್ಯವಾದವು.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ? ದಾರಿ ಕಠಿಣವಾಗುತ್ತದೆ, ಪೂರ್ತಿ ಮುಚ್ಚಿಹೋಗುವುದಿಲ್ಲ. ಮುಂದಿನ ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು ಅದು ಜಾರಿಯಾಗುವ ಮೊದಲೇ ಹಿಂಪಡೆಯಬಹುದು ಎಂಬುದು ಸ್ಥಾಪಿತ ತತ್ವ. ಒತ್ತಡದಿಂದ ಪಡೆದ ಸಹಿಯನ್ನು ಸ್ವಇಚ್ಛೆಯ ರಾಜೀನಾಮೆ ಎನ್ನಲಾಗದು ಎಂದು ವಾದಿಸಲೂ ಬಹುದು. ಆದರೆ ಒತ್ತಡವಿತ್ತೆಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅಂದೇ ರಾತ್ರಿ ಹಿಂಪಡೆಯುವ ಪತ್ರ ಕಳುಹಿಸಿದವರನ್ನು ನಂಬುವಷ್ಟು ಸುಲಭವಾಗಿ, ಆರು ತಿಂಗಳ ನಂತರ ಒತ್ತಡವಿತ್ತು ಎಂದವರನ್ನು ಯಾವ ನ್ಯಾಯಾಧೀಶರೂ ನಂಬುವುದಿಲ್ಲ.

ಎರಡನೆಯ ಹೆಜ್ಜೆ: ಕಾನೂನಿನ ಕಣ್ಣಿನಲ್ಲಿ ನೀವು ಕಾರ್ಮಿಕರೇ?

ದಶಕಗಳ ಕಾಲ ಈ ವಿಷಯವನ್ನು ಆಳಿದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. 2025ರ ನವೆಂಬರ್ 21ರಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು ಆ ಕಾಯ್ದೆಯ ಜಾಗವನ್ನು ತೆಗೆದುಕೊಂಡಿತು. ನಿಮ್ಮನ್ನು ಕೆಲಸದಿಂದ ತೆಗೆದ ದಿನಾಂಕ ಇದಕ್ಕಿಂತ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಕೆಲವು ಗಡುವುಗಳು ಮತ್ತು ಮಿತಿಗಳು ಬದಲಾಗಿವೆ. ಮೂಲ ತತ್ವಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದಿವೆ, ಹಾಗಾಗಿ ಹಳೆಯ ತೀರ್ಪುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಎರಡೂ ಕಾನೂನುಗಳು ದೈಹಿಕ, ಕುಶಲ, ಅಕುಶಲ, ತಾಂತ್ರಿಕ, ಗುಮಾಸ್ತ ಹಾಗೂ ಮೇಲ್ವಿಚಾರಣೆಯ ಕೆಲಸ ಮಾಡುವವರನ್ನು ಕಾರ್ಮಿಕರೆಂದು ಪರಿಗಣಿಸುತ್ತವೆ. ಮುಖ್ಯವಾಗಿ ವ್ಯವಸ್ಥಾಪನೆ ಅಥವಾ ಆಡಳಿತದ ಕೆಲಸ ಮಾಡುವವರು ಹೊರಗುಳಿಯುತ್ತಾರೆ. ಮೇಲ್ವಿಚಾರಣೆಯ ಕೆಲಸ ಮಾಡುವವರ ವೇತನ ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿ, ಹೊಸ ಸಂಹಿತೆಯಲ್ಲಿ 18,000 ರೂಪಾಯಿ ಮೀರಿದರೆ ಅವರೂ ಹೊರಗುಳಿಯುತ್ತಾರೆ. ಇಲ್ಲಿ ಬಹುತೇಕ ಎಲ್ಲರೂ ಒಂದು ತಪ್ಪು ತಿಳಿವಳಿಕೆಗೆ ಬೀಳುತ್ತಾರೆ: ಸಂಬಳ ಲಕ್ಷ ರೂಪಾಯಿ ಇದ್ದರೆ ಈ ಕಾನೂನು ತಮಗಲ್ಲ ಎಂದುಕೊಳ್ಳುತ್ತಾರೆ. ವೇತನದ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ ಮಾತ್ರ. ತಾಂತ್ರಿಕ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್, ಟೆಸ್ಟರ್ ಮೊದಲಾದವರ ಸಂಬಳ ಎಷ್ಟೇ ಇರಲಿ, ಅದೊಂದೇ ಕಾರಣಕ್ಕೆ ಅವರು ಹೊರಗುಳಿಯುವುದಿಲ್ಲ. ಹುದ್ದೆಯ ಹೆಸರೂ ನಿರ್ಣಾಯಕವಲ್ಲ. ವಿಸಿಟಿಂಗ್ ಕಾರ್ಡಿನ ಮೇಲೆ ಮ್ಯಾನೇಜರ್ ಎಂದಿದ್ದು ದಿನವಿಡೀ ತಾವೇ ಕೋಡ್ ಬರೆಯುವವರ ವಿಷಯದಲ್ಲಿ ನ್ಯಾಯಾಲಯ ಕೇಳುವುದು ಬೇರೆಯದನ್ನು: ರಜೆ ಮಂಜೂರು ಮಾಡುವ ಅಧಿಕಾರ ಇತ್ತೇ, ಯಾರನ್ನಾದರೂ ನೇಮಿಸುವ ಅಥವಾ ಶಿಕ್ಷಿಸುವ ಅಧಿಕಾರ ಇತ್ತೇ, ದಿನದ ಹೆಚ್ಚಿನ ಹೊತ್ತು ಯಾವ ಕೆಲಸದಲ್ಲಿ ಕಳೆಯುತ್ತಿತ್ತು? ನಿಮ್ಮ ಒಂದು ವಾರದ ಕೆಲಸವನ್ನು ಗಂಟೆಗಳ ಲೆಕ್ಕದಲ್ಲಿ ಬರೆದಿಡಿ. ವಕೀಲರು ಮೊದಲು ಕೇಳುವುದೇ ಅದನ್ನು.

ಶಿಕ್ಷಕರು ಈ ಕಾನೂನಿನಡಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿಯೇ ಹೇಳಿದೆ. ಖಾಸಗಿ ಶಾಲೆಗಳ ಶಿಕ್ಷಕರಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಪ್ರತ್ಯೇಕ ಮೇಲ್ಮನವಿ ನ್ಯಾಯಮಂಡಳಿ ಇದೆ, ಮೂರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು.

ಅಂಗಡಿ, ಹೋಟೆಲು, ಖಾಸಗಿ ಕಚೇರಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಕರ್ನಾಟಕದಲ್ಲಿ ಇನ್ನೊಂದು ಆಸರೆ ಇದೆ, ಅದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಪ್ರಕರಣದ (ಸೆಕ್ಷನ್) ಪ್ರಕಾರ, ಆರು ತಿಂಗಳು ನಿರಂತರವಾಗಿ ಕೆಲಸ ಮಾಡಿದವರನ್ನು ಸಮಂಜಸ ಕಾರಣವಿಲ್ಲದೆ, ಮತ್ತು ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಕಾರಣಕ್ಕೆ ನೋಟಿಸಿಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ಆದೇಶದ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ. ಮೇಲ್ಮನವಿಯ ಅವಧಿ ಚಿಕ್ಕದು, ಆದ್ದರಿಂದ ಆದೇಶ ಕೈಸೇರಿದ ವಾರದಲ್ಲೇ ಕಾರ್ಮಿಕ ಅಧಿಕಾರಿಯನ್ನೋ ವಕೀಲರನ್ನೋ ಕಾಣಬೇಕು.

ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಉಳಿಯುವುದು ಸಿವಿಲ್ ನ್ಯಾಯಾಲಯ. ಖಾಸಗಿ ಉದ್ಯೋಗದ ಒಪ್ಪಂದವನ್ನು ಬಲವಂತವಾಗಿ ಮುಂದುವರಿಸುವಂತೆ ಸಿವಿಲ್ ನ್ಯಾಯಾಲಯ ಆದೇಶಿಸುವುದಿಲ್ಲ, ಆದ್ದರಿಂದ ಅಲ್ಲಿ ಕೆಲಸ ಮರಳಿ ಸಿಗುವುದಿಲ್ಲ. ನೋಟಿಸು ಅವಧಿಯ ವೇತನ, ಬಾಕಿ ಬೋನಸ್ ಮುಂತಾದ ಹಣವನ್ನಷ್ಟೇ ಕೇಳಬಹುದು. ಅಂಥವರು ರಾಜಿಯ ಮಾತುಕತೆಯಲ್ಲೇ ಹೆಚ್ಚು ಶ್ರಮ ಹಾಕುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಮೂರನೆಯ ಹೆಜ್ಜೆ: 240 ದಿನಗಳ ಲೆಕ್ಕ

ಉದ್ಯೋಗ ಕಡಿತಕ್ಕೆ ಸಂಬಂಧಿಸಿದ ರಕ್ಷಣೆ ಸಿಗಬೇಕಾದರೆ ಒಂದು ವರ್ಷದ ನಿರಂತರ ಸೇವೆ ಇರಬೇಕು. ಅಂದರೆ ತೆಗೆದ ದಿನದಿಂದ ಹಿಂದಕ್ಕೆ ಎಣಿಸಿದರೆ ಹನ್ನೆರಡು ತಿಂಗಳಲ್ಲಿ ಕನಿಷ್ಠ 240 ದಿನ ಕೆಲಸ ಮಾಡಿರಬೇಕು. ಗಣಿಯ ನೆಲದಡಿಯಲ್ಲಿ ಕೆಲಸ ಮಾಡುವವರಿಗೆ 190 ದಿನ ಸಾಕು. ವೇತನ ಸಹಿತವಾದ ಭಾನುವಾರಗಳು ಮತ್ತು ಹಬ್ಬದ ರಜೆಗಳು ಈ ಲೆಕ್ಕದಲ್ಲಿ ಸೇರುತ್ತವೆ ಎಂದು ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ನೀಡಿದೆ. ಕೆಲಸ ಮಾಡಿದ ದಿನ 215 ಮಾತ್ರ ಇದ್ದರೂ ವೇತನ ಸಹಿತ ವಾರದ ರಜೆಗಳನ್ನು ಸೇರಿಸಿದಾಗ 240 ದಾಟುವುದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ.

ಈ ದಿನಗಳನ್ನು ಸಾಬೀತು ಮಾಡಬೇಕಾದವರು ಯಾರು? ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳು ಇದಕ್ಕೆ ಉತ್ತರ ಹೇಳುತ್ತವೆ. ವಲಯ ಅರಣ್ಯಾಧಿಕಾರಿ ವಿರುದ್ಧ ಹಡಿಮನಿ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್, 240 ದಿನ ಕೆಲಸ ಮಾಡಿದ್ದೇನೆ ಎಂದು ಕಾರ್ಮಿಕ ಪ್ರಮಾಣ ಪತ್ರದಲ್ಲಿ (ಅಫಿಡವಿಟ್) ಹೇಳಿದರಷ್ಟೇ ಸಾಲದು, ಸಾಕ್ಷ್ಯ ಬೇಕು ಎಂದಿತು. ಯಲ್ಲಟ್ಟಿ ಪ್ರಕರಣದಲ್ಲಿ 2006ರ ವೇಳೆಗೆ ನ್ಯಾಯಾಲಯ ಇನ್ನೊಂದು ಮುಖವನ್ನೂ ಸ್ಪಷ್ಟಪಡಿಸಿತು. ದಿನಗೂಲಿಯವನ ಬಳಿ ನೇಮಕಾತಿ ಪತ್ರವಾಗಲಿ ವೇತನದ ರಸೀದಿಯಾಗಲಿ ಇರುವುದಿಲ್ಲ. ಆದ್ದರಿಂದ ಅವನು ಸಾಕ್ಷಿಕಟ್ಟೆ ಏರಿ ಹೇಳಿಕೆ ಕೊಟ್ಟು, ಹಾಜರಿ ಪುಸ್ತಕ ಮತ್ತು ಮಸ್ಟರ್ ರೋಲ್ ಹಾಜರುಪಡಿಸುವಂತೆ ಮಾಲೀಕರನ್ನು ಕೇಳಬಹುದು ಎಂದಿತು. ಹೀಗಾಗಿ ದಾಖಲೆಗಳನ್ನು ಹಾಜರುಪಡಿಸುವಂತೆ ನಿರ್ದೇಶನ ಕೋರುವ ಅರ್ಜಿಯನ್ನು ಹಾಕದೆ ಬಿಡಬಾರದು. ಜೊತೆಗೆ ಭವಿಷ್ಯ ನಿಧಿಯ ಪಾಸ್‌ಬುಕ್, ಇಎಸ್‌ಐ ವಂತಿಗೆಯ ವಿವರ, ಸಂಬಳ ಜಮಾ ಆದ ಬ್ಯಾಂಕ್ ಪಾಸ್‌ಬುಕ್ ಇವು ಮಾಲೀಕರ ಕೈಗೆ ಸಿಗದ ಸಾಕ್ಷ್ಯಗಳು. ಗುತ್ತಿಗೆದಾರರ ಮೂಲಕ ಕೆಲಸ ಮಾಡಿದವರು ಈ ಪಾಸ್‌ಬುಕ್‌ನಲ್ಲಿ ಯಾವ ಸಂಸ್ಥೆಯ ಹೆಸರಿದೆ ಎಂಬುದನ್ನು ಈಗಲೇ ನೋಡಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ತೆಗೆದ ಬಗೆ ಯಾವುದು?

ಕೆಲಸದಿಂದ ತೆಗೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆ. ನಿಮ್ಮ ತಪ್ಪಿಗಾಗಿ ತೆಗೆಯುವುದು ಶಿಸ್ತುಕ್ರಮ. ತಪ್ಪೇನೂ ಇಲ್ಲದೆ, ಕೆಲಸ ಕಡಿಮೆಯಾಯಿತು, ಪ್ರಾಜೆಕ್ಟ್ ಮುಗಿಯಿತು, ವಿಭಾಗ ಮುಚ್ಚಿತು ಎಂದು ತೆಗೆಯುವುದು ಉದ್ಯೋಗ ಕಡಿತ, ಕಚೇರಿಗಳಲ್ಲಿ ರಿಟ್ರೆಂಚ್‌ಮೆಂಟ್ ಎನ್ನುವುದು ಇದನ್ನೇ. ಆಡಳಿತ ವರ್ಗ ಪತ್ರದಲ್ಲಿ ಯಾವ ಪದ ಬಳಸಿದೆ ಎಂಬುದಕ್ಕೆ ಕಾನೂನು ಕಟ್ಟುಬೀಳುವುದಿಲ್ಲ. ಸ್ಟೇಟ್ ಬ್ಯಾಂಕ್ ವಿರುದ್ಧ ಸುಂದರಮಣಿ ಪ್ರಕರಣದ 1976ರ ತೀರ್ಪು, ಅದನ್ನು ಎತ್ತಿಹಿಡಿದ 1990ರ ಸಂವಿಧಾನ ಪೀಠದ ತೀರ್ಪು ಇವೆರಡೂ, ಶಿಸ್ತುಕ್ರಮದ ಶಿಕ್ಷೆಯನ್ನು ಬಿಟ್ಟು ಬೇರೆ ಯಾವುದೇ ಕಾರಣಕ್ಕೆ ಮಾಲೀಕರು ಸೇವೆಯನ್ನು ಕೊನೆಗೊಳಿಸಿದರೂ ಅದು ಉದ್ಯೋಗ ಕಡಿತವೇ ಎಂದು ಹೇಳಿವೆ. ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವುದೂ ಕಡಿತವೇ ಎಂದು 1982ರಲ್ಲಿ ರಾಬರ್ಟ್ ಡಿಸೋಜಾ ಪ್ರಕರಣದಲ್ಲಿ ಹೇಳಲಾಗಿದೆ. ನಿವೃತ್ತಿ, ಸ್ವಇಚ್ಛೆಯಿಂದ ಬಿಡುವುದು ಮತ್ತು ನಿಗದಿತ ಅವಧಿಯ ಒಪ್ಪಂದ ಮುಗಿಯುವುದು ಕಡಿತವಾಗುವುದಿಲ್ಲ. ಈ ಕೊನೆಯದರಿಂದಾಗಿಯೇ ಈಗ ಎಲ್ಲೆಡೆ ಹನ್ನೊಂದು ತಿಂಗಳ ಒಪ್ಪಂದಗಳು ಕಾಣಿಸುತ್ತಿವೆ.

ಉದ್ಯೋಗ ಕಡಿತವಾದರೆ ಮಾಲೀಕರು ಪಾಲಿಸಬೇಕಾದ ಷರತ್ತುಗಳು ಹಳೆಯ ಕಾಯ್ದೆಯ 25-ಎಫ್ ಮತ್ತು ಹೊಸ ಸಂಹಿತೆಯ 70ನೇ ಪ್ರಕರಣದಲ್ಲಿವೆ. ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಬದಲು ವೇತನ ಕೊಡಬೇಕು; ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು, ಆರು ತಿಂಗಳು ಮೀರಿದ ಭಾಗವನ್ನು ಇನ್ನೊಂದು ವರ್ಷವೆಂದು ಲೆಕ್ಕಿಸಬೇಕು; ಸರ್ಕಾರಕ್ಕೂ ತಿಳಿಸಬೇಕು. ಪರಿಹಾರದ ಹಣ ಕಡಿತದ ಹೊತ್ತಿಗೇ ಕೈಸೇರಬೇಕು. ನಂತರ ಕೊಡುತ್ತೇವೆ, ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಸೇರಿಸುತ್ತೇವೆ ಎಂದರೆ ಷರತ್ತು ಪಾಲನೆಯಾಗಲಿಲ್ಲ. ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ 1960ರಲ್ಲೇ ಸುಪ್ರೀಂ ಕೋರ್ಟ್, ಈ ಷರತ್ತು ಪಾಲಿಸದೆ ಮಾಡಿದ ಕಡಿತ ಅಸಿಂಧು ಎಂದಿದೆ.

ಇದರ ಜೊತೆಗೆ, ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಸೇರಿದವರನ್ನು ಮೊದಲು ಕಳುಹಿಸಬೇಕು. ಹಾಗೆ ಮಾಡದಿದ್ದರೆ ಕಾರಣ ದಾಖಲಿಸಬೇಕು. ನಿಮಗಿಂತ ತಡವಾಗಿ ಸೇರಿದವರು ನಿಮ್ಮದೇ ಕೆಲಸದಲ್ಲಿ ಇನ್ನೂ ಉಳಿದಿದ್ದರೆ ಅವರ ಹೆಸರು, ಸೇರಿದ ದಿನಾಂಕ ಬರೆದಿಟ್ಟುಕೊಳ್ಳಿ. ಮತ್ತೆ ಅದೇ ಕೆಲಸಕ್ಕೆ ಜನ ಬೇಕಾದಾಗ ಕಡಿತವಾದವರಿಗೆ ಆದ್ಯತೆ ಕೊಡಬೇಕು. ಹೊಸ ಸಂಹಿತೆ ಈ ಹಕ್ಕನ್ನು ಒಂದು ವರ್ಷಕ್ಕೆ ಮಿತಿಗೊಳಿಸಿದೆ. ಆದ್ದರಿಂದ ಕಂಪನಿ ಜಾಹೀರಾತು ಹಾಕಿದರೆ ದಿನಾಂಕ ಕಾಣುವಂತೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಕೆಲಸವೇ ಇಲ್ಲ ಎಂದು ತೆಗೆದು ಎರಡನೇ ತಿಂಗಳಲ್ಲಿ ಅದೇ ಕೆಲಸಕ್ಕೆ ಜಾಹೀರಾತು ಕೊಟ್ಟಿದ್ದರೆ ಕಡಿತದ ಕಾರಣವೇ ಸುಳ್ಳಾಗುತ್ತದೆ.

ಕಾರ್ಖಾನೆ, ಗಣಿ ಮತ್ತು ತೋಟಗಳಲ್ಲಿ ನಿಗದಿತ ಸಂಖ್ಯೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಮೂರು ತಿಂಗಳ ನೋಟಿಸಿನ ಜೊತೆ ಸರ್ಕಾರದ ಪೂರ್ವಾನುಮತಿಯೂ ಬೇಕು. ಕೇಂದ್ರದ ಹಳೆಯ ಕಾಯ್ದೆಯಲ್ಲಿ ಈ ಸಂಖ್ಯೆ 100 ಇತ್ತು, ಹೊಸ ಸಂಹಿತೆಯಲ್ಲಿ 300. ಇದು ಕಾರ್ಮಿಕರಿಗೆ ಆದ ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ. ಅರ್ಜಿ ಹಾಕಿ 60 ದಿನಗಳಲ್ಲಿ ಸರ್ಕಾರ ಉತ್ತರಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಅರ್ಥ. ಸಾಫ್ಟ್‌ವೇರ್ ಕಂಪನಿಗಳಿಗೆ, ಅಲ್ಲಿ ಸಾವಿರಾರು ಜನರಿದ್ದರೂ, ಈ ಪೂರ್ವಾನುಮತಿಯ ನಿಯಮ ಅನ್ವಯಿಸುವುದಿಲ್ಲ.

ಶಿಸ್ತುಕ್ರಮವಾದರೆ ನೋಡಬೇಕಾದದ್ದು ವಿಚಾರಣೆ ನಡೆದ ರೀತಿ. ಆರೋಪ ಪತ್ರದಲ್ಲಿ ದಿನಾಂಕ, ಘಟನೆ ಸ್ಪಷ್ಟವಾಗಿರಬೇಕು. ಉತ್ತರಿಸಲು ಸಮಯ ಕೊಡಬೇಕು. ಆಡಳಿತದ ಸಾಕ್ಷಿಗಳನ್ನು ನಿಮ್ಮೆದುರೇ ವಿಚಾರಿಸಿ ಪಾಟಿ ಸವಾಲಿಗೆ ಅವಕಾಶ ಕೊಡಬೇಕು, ನಿಮ್ಮ ಸಾಕ್ಷಿಗಳನ್ನೂ ಕೇಳಬೇಕು, ವಿಚಾರಣಾ ವರದಿಯ ಪ್ರತಿ ಕೊಡಬೇಕು. ಆರೋಪ ಪತ್ರ ಬಂದಾಗ ಸಿಟ್ಟಿನಿಂದ ತೆಗೆದುಕೊಳ್ಳದೆ ಹಿಂದಿರುಗಿಸಬೇಡಿ, ವಿಚಾರಣೆಗೆ ಗೈರುಹಾಜರಾಗಬೇಡಿ. ಏಕಪಕ್ಷೀಯ ವಿಚಾರಣೆಯನ್ನು ಆಮೇಲೆ ಪ್ರಶ್ನಿಸುವುದು ಬಹಳ ಕಷ್ಟ. ಪ್ರತಿದಿನದ ನಡಾವಳಿಗೆ ಸಹಿ ಹಾಕುವ ಮುನ್ನ ಓದಿ, ತಪ್ಪಾಗಿ ಬರೆದಿದ್ದರೆ ಸಹಿಯ ಮೇಲೆಯೇ ಆಕ್ಷೇಪಣೆ ಬರೆಯಿರಿ. ಅಮಾನತಿನಲ್ಲಿದ್ದರೆ ಜೀವನಾಧಾರ ಭತ್ಯೆ ನಿಮ್ಮ ಹಕ್ಕು: 1988ರ ಕರ್ನಾಟಕದ ಕಾಯ್ದೆಯಂತೆ ಮೊದಲ 90 ದಿನ ವೇತನದ ಶೇ 50, ನಂತರ 180 ದಿನಗಳವರೆಗೆ ಶೇ 75, ಅದರಾಚೆಗೆ ಶೇ 90. ಹೊಸ ಸಂಹಿತೆ, ಅಮಾನತಿನ ದಿನದಿಂದ ಸಾಮಾನ್ಯವಾಗಿ 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು ಎನ್ನುತ್ತದೆ.

ಪಿಐಪಿ ಎಂಬ ಕೆಲಸ ಸುಧಾರಣೆಯ ಯೋಜನೆಗೆ ಹಾಕಿ, ಅದರಲ್ಲಿ ಸೋತಿರಿ ಎಂದು ತೆಗೆಯುವುದು ಈಗ ಐಟಿ ವಲಯದಲ್ಲಿ ಮಾಮೂಲಿಯಾಗಿದೆ. ಆ ಅವಧಿಯಲ್ಲಿ ಪ್ರತಿ ವಾರ ಮುಗಿಸಿದ ಕೆಲಸವನ್ನು ಇ-ಮೇಲ್‌ನಲ್ಲಿ ದಾಖಲಿಸಿ, ಗುರಿ ಅಸ್ಪಷ್ಟವಾಗಿದ್ದರೆ ಸ್ಪಷ್ಟೀಕರಣ ಕೇಳಿ. ಹಿಂದಿನ ವರ್ಷಗಳ ಒಳ್ಳೆಯ ರೇಟಿಂಗ್ ಮತ್ತು ಈಗಿನ ದಿಢೀರ್ ಕುಸಿತ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಲ್ಲವರ ಮಾತಿಗೆ ತೂಕ ಬರುತ್ತದೆ. ಇನ್ನು ಹೆರಿಗೆ ರಜೆಯಲ್ಲಿರುವ ಹೆಣ್ಣುಮಗಳನ್ನು ಆ ರಜೆಯ ಕಾರಣಕ್ಕೆ ಅಥವಾ ರಜೆಯ ಅವಧಿಯಲ್ಲಿ ವಜಾ ಮಾಡುವುದು 1961ರಿಂದಲೂ ಕಾನೂನುಬಾಹಿರ.

ಐದನೆಯ ಹೆಜ್ಜೆ: ಬರಬೇಕಾದ ಹಣವನ್ನು ನೀವೇ ಲೆಕ್ಕ ಹಾಕಿ

ಮಾತುಕತೆಗೆ ಕೂರುವ ಮೊದಲು ಈ ಅಂಕಿ ನಿಮ್ಮ ಕೈಯಲ್ಲಿರಬೇಕು. ಒಬ್ಬ ಯಂತ್ರ ಚಾಲಕರ ಸೇವೆ 7 ವರ್ಷ 8 ತಿಂಗಳು, ಕೊನೆಯ ಮೂರು ತಿಂಗಳ ಸರಾಸರಿ ವೇತನ 24,000 ರೂಪಾಯಿ, ಅದು ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಎಂದುಕೊಳ್ಳೋಣ. ಸೇವೆ 8 ವರ್ಷವೆಂದು ಲೆಕ್ಕವಾಗುತ್ತದೆ. ಕಡಿತದ ಪರಿಹಾರಕ್ಕೆ 15 ದಿನವೆಂದರೆ ತಿಂಗಳ ವೇತನದ ಅರ್ಧ, 12,000. ಎಂಟರಿಂದ ಗುಣಿಸಿದರೆ 96,000. ನೋಟಿಸಿನ ಬದಲು ವೇತನ 24,000. ಗ್ರಾಚ್ಯುಟಿಯ ಲೆಕ್ಕ ಬೇರೆ, ಅಲ್ಲಿ ತಿಂಗಳನ್ನು 26 ದಿನಕ್ಕೆ ಭಾಗಿಸುತ್ತಾರೆ: 24,000 ಅನ್ನು 26ರಿಂದ ಭಾಗಿಸಿ 15 ಮತ್ತು 8ರಿಂದ ಗುಣಿಸಿದರೆ 1,10,769. ಹೊಸ ಸಂಹಿತೆಯಡಿ ಕಡಿತವಾಗಿದ್ದರೆ ಮರುಕೌಶಲ ನಿಧಿಗೆ ಮಾಲೀಕರು 15 ದಿನಗಳ ವೇತನ ಕಟ್ಟಬೇಕು, ಅದು 45 ದಿನಗಳಲ್ಲಿ ಕಾರ್ಮಿಕನ ಖಾತೆಗೆ ಬರಬೇಕು; ಅದು ಇನ್ನೊಂದು 12,000. ಒಟ್ಟು 2,42,769 ರೂಪಾಯಿ. ಬಾಕಿ ಸಂಬಳ, ರಜೆಯ ನಗದೀಕರಣ, ಬೋನಸ್ ಇದರ ಮೇಲೆ.

ಇಷ್ಟು ಹಣ ಬರಬೇಕಾದವರಿಗೆ ಎರಡು ತಿಂಗಳ ಸಂಬಳ, ಅಂದರೆ 48,000 ಕೊಡುತ್ತೇವೆ, ರಾಜೀನಾಮೆ ಕೊಡಿ ಎನ್ನುವುದು ಯಾವ ಲೆಕ್ಕ ಎಂಬುದು ಈಗ ಅರ್ಥವಾಗುತ್ತದೆ. ಐದು ವರ್ಷ ಮೀರಿದ ಸೇವೆಗೆ ಗ್ರಾಚ್ಯುಟಿ ರಾಜೀನಾಮೆ ಕೊಟ್ಟರೂ ಬರುವ ಹಣ; ಅದನ್ನು ಕೊಡುಗೆಯಂತೆ ತೋರಿಸಿದರೆ ಮೋಸಹೋಗಬೇಡಿ. ಸೇವೆ ಕೊನೆಗೊಂಡ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಹಣ ಖಾತೆಗೆ ಬಂದರೆ, ಆಕ್ಷೇಪಣೆಯನ್ನು ಉಳಿಸಿಕೊಂಡು, ನನ್ನ ಹಕ್ಕುಗಳಿಗೆ ಧಕ್ಕೆಯಾಗದಂತೆ ಸ್ವೀಕರಿಸಿದ್ದೇನೆ ಎಂದು ಒಂದು ಸಾಲಿನ ಇ-ಮೇಲ್ ಕಳುಹಿಸಿ. ಇನ್ನು ಯಾವ ಬೇಡಿಕೆಯೂ ಇಲ್ಲ ಎಂಬ ಸಾಲಿರುವ ಕಾಗದಕ್ಕೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ.

ಆರನೆಯ ಹೆಜ್ಜೆ: ಸಂಧಾನಾಧಿಕಾರಿಯ ಮುಂದೆ

ರಾಜ್ಯದ ವ್ಯಾಪ್ತಿಯ ಸಂಸ್ಥೆಗಳಾದರೆ ಸಂಧಾನಾಧಿಕಾರಿಗೆ ಅರ್ಜಿ ಕೊಡಬೇಕಾದದ್ದು ಕರ್ನಾಟಕ ಕಾರ್ಮಿಕ ಇಲಾಖೆಯ ನಿಮ್ಮ ಪ್ರದೇಶದ ಕಚೇರಿಯಲ್ಲಿ. ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಬ್ಯಾಂಕು, ವಿಮೆ, ರೈಲ್ವೆ, ಗಣಿ ಮೊದಲಾದವು ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ಅರ್ಜಿಯಲ್ಲಿ ಸೇರಿದ ದಿನಾಂಕ, ಹುದ್ದೆ, ಮಾಡುತ್ತಿದ್ದ ಕೆಲಸ, ಕೊನೆಯ ವೇತನ, ತೆಗೆದ ದಿನ ಮತ್ತು ರೀತಿ, ನಿಮ್ಮ ಬೇಡಿಕೆ ಇಷ್ಟನ್ನು ಎರಡು ಪುಟಗಳಲ್ಲಿ ಬರೆದರೆ ಸಾಕು, ಕನ್ನಡದಲ್ಲೇ ಬರೆಯಬಹುದು. ಬೇಡಿಕೆಯಲ್ಲಿ ಸೇವಾ ನಿರಂತರತೆ, ಹಿಂಬಾಕಿ ವೇತನ (ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳ) ಸಹಿತ ಮರುನೇಮಕ ಎಂದು ಬರೆಯಿರಿ. ನಿಮಗೆ ಹಣ ಮಾತ್ರ ಸಾಕು ಎನಿಸಿದ್ದರೂ, ಮೊದಲೇ ಹಣವನ್ನಷ್ಟೇ ಕೇಳಿದರೆ ಮಾತುಕತೆ ಕೆಳಗಿನಿಂದ ಶುರುವಾಗುತ್ತದೆ. ಒಂದು ಪ್ರತಿಗೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ, ಏಕೆಂದರೆ ನ್ಯಾಯಾಲಯಕ್ಕೆ ಹೋಗುವ ಮುನ್ನ ಕಾಯಬೇಕಾದ 45 ದಿನಗಳ ಎಣಿಕೆ ಆ ದಿನದಿಂದಲೇ.

ಸಂಧಾನಾಧಿಕಾರಿ ತೀರ್ಪು ಕೊಡುವವರಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಮೊದಲ ಎರಡು ದಿನಾಂಕಗಳಿಗೆ ಕಂಪನಿಯವರು ಬರುವುದಿಲ್ಲ, ಮೂರನೆಯದಕ್ಕೆ ವಕೀಲರು ಬಂದು ಸಮಯ ಕೇಳುತ್ತಾರೆ, ಇದನ್ನು ಕಂಡು ಎದೆಗುಂದಬೇಡಿ. ಅವರು ಇಲ್ಲಿ ಸಲ್ಲಿಸುವ ಲಿಖಿತ ಉತ್ತರದ ಪ್ರತಿಯನ್ನು ಪಡೆದುಕೊಳ್ಳಿ. ಕೆಲಸ ಸರಿಯಿರಲಿಲ್ಲ ಎಂದು ಇಲ್ಲಿ, ಹುದ್ದೆಯೇ ಇಲ್ಲವಾಯಿತು ಎಂದು ಮುಂದೆ ನ್ಯಾಯಾಲಯದಲ್ಲಿ ಹೇಳಿದರೆ ಆ ವಿರೋಧಾಭಾಸ ನಿಮ್ಮ ಪಾಲಿನ ಸಾಕ್ಷ್ಯ.

ಒಬ್ಬಂಟಿಯಾಗಿ ಹೋಗುವುದಕ್ಕಿಂತ ಸಂಘದವರನ್ನು ಕರೆದುಕೊಂಡು ಹೋಗುವುದು ಮೇಲು. ಐಟಿ ನೌಕರರಿಗೂ ರಾಜ್ಯದಲ್ಲಿ ಕಾರ್ಮಿಕ ಸಂಘವಿದೆ.

ಏಳನೆಯ ಹೆಜ್ಜೆ: ನ್ಯಾಯಾಲಯ

ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ, ಸರ್ಕಾರವೇ ವಿವಾದವನ್ನು ಒಪ್ಪಿಸಲೆಂದು ಕಾಯದೆ ನೇರವಾಗಿ ಕೈಗಾರಿಕಾ ವಿವಾದಗಳ ನ್ಯಾಯಾಧಿಕರಣಕ್ಕೆ ಹೋಗಬಹುದು. ದೇಶಕ್ಕೆಲ್ಲ ಈ ಅವಕಾಶ ಬಂದದ್ದು 2010ರಲ್ಲಿ. ಕರ್ನಾಟಕ ಅದಕ್ಕೂ ಎರಡು ದಶಕ ಮೊದಲೇ ತನ್ನದೇ ತಿದ್ದುಪಡಿಯ ಮೂಲಕ, ವಜಾ ಆದವರು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ದಾರಿ ಮಾಡಿಕೊಟ್ಟಿತ್ತು. ಗಡುವು ಹಳೆಯ ಕಾಯ್ದೆಯಲ್ಲಿ ತೆಗೆದ ದಿನದಿಂದ ಮೂರು ವರ್ಷ, ಹೊಸ ಸಂಹಿತೆಯಲ್ಲಿ ಎರಡು ವರ್ಷ. ಎರಡು ವರ್ಷ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬೇರೆ ಕೆಲಸ ಹುಡುಕುತ್ತ, ಊರಿಗೆ ಹೋಗಿ ಬರುತ್ತ ಅದು ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಪ್ರಕರಣದಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಮಹಿಳೆಯರು ಮತ್ತು ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಅದರಲ್ಲಿ ಸೇರುತ್ತಾರೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ.

ನ್ಯಾಯಾಲಯ ಏನು ಕೊಡಬಲ್ಲದು? ವಜಾ ತಪ್ಪೆಂದು ಕಂಡರೆ ಅದನ್ನು ರದ್ದುಗೊಳಿಸಿ ಮರುನೇಮಕಕ್ಕೆ ಆದೇಶಿಸಬಹುದು, ಶಿಕ್ಷೆ ಅತಿಯಾಯಿತೆನಿಸಿದರೆ ಕಡಿಮೆ ಮಾಡಬಹುದು. ಅನ್ಯಾಯದ ವಜಾಕ್ಕೆ ಹಿಂಬಾಕಿ ವೇತನ ಸಹಿತ ಮರುನೇಮಕವೇ ಸಾಮಾನ್ಯ ನಿಯಮ ಎಂದು ದೀಪಾಲಿ ಸುರ್ವಸೆ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ದಿನಗೂಲಿಯವರ ವಿಷಯದಲ್ಲಿ, ತಪ್ಪು ಬರೀ ನೋಟಿಸು ಮತ್ತು ಪರಿಹಾರ ಕೊಡದಿರುವುದಷ್ಟೇ ಆಗಿದ್ದರೆ, ಮರುನೇಮಕದ ಬದಲು ಒಂದು ಮೊತ್ತದ ಪರಿಹಾರ ಸಾಕೆಂದು 2014ರ ಭುರುಮಲ್ ಪ್ರಕರಣದಂಥ ತೀರ್ಪುಗಳು ಹೇಳುತ್ತವೆ. ತೀರಾ ಬಡವರಿಗೆ ಸಿಗುವ ನ್ಯಾಯವೇ ಹೀಗೆ ಚಿಕ್ಕದಾಗುವುದು ನನಗೆ ನೋವಿನ ಸಂಗತಿ. ಹಿಂಬಾಕಿ ವೇತನ ಕೇಳುವವರು ತಮಗೆ ಆ ಅವಧಿಯಲ್ಲಿ ಬೇರೆ ಕೆಲಸ ಇರಲಿಲ್ಲ ಅಥವಾ ಕಡಿಮೆ ಸಂಬಳದ ಕೆಲಸವಿತ್ತು ಎಂದು ಅರ್ಜಿಯಲ್ಲೇ ಹೇಳಬೇಕು. ಹೊಟ್ಟೆಪಾಡಿಗೆ ಸಿಕ್ಕ ಸಣ್ಣಪುಟ್ಟ ಕೆಲಸವನ್ನು ಮುಚ್ಚಿಡಬೇಡಿ, ಪಾಟಿ ಸವಾಲಿನಲ್ಲಿ ಅದು ಹೊರಬಿದ್ದರೆ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ.

ಐತೀರ್ಪು, ಅಂದರೆ ನ್ಯಾಯಾಧಿಕರಣದ ತೀರ್ಪು, ಬಂದ ಮೇಲೂ ಎರಡು ಕೆಲಸ ಉಳಿಯುತ್ತವೆ. ಮಾಲೀಕರು ಹಣ ಕೊಡದಿದ್ದರೆ ಒಂದು ವರ್ಷದೊಳಗೆ ಸರ್ಕಾರಕ್ಕೆ ವಸೂಲಾತಿ ಅರ್ಜಿ ಕೊಡಬೇಕು. ಸರ್ಕಾರ ನೀಡುವ ಪ್ರಮಾಣ ಪತ್ರದ ಆಧಾರದ ಮೇಲೆ ಜಿಲ್ಲಾಧಿಕಾರಿಗಳು ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ. ಮರುನೇಮಕದ ಆದೇಶವನ್ನು ಪ್ರಶ್ನಿಸಿ ಮಾಲೀಕರು ಹೈಕೋರ್ಟಿಗೆ ಹೋದರೆ, ಆ ಪ್ರಕರಣ ಮುಗಿಯುವವರೆಗೆ ಪ್ರತಿ ತಿಂಗಳೂ ನಿಮ್ಮ ಕೊನೆಯ ವೇತನದಷ್ಟು ಹಣ ಕೊಡಬೇಕೆಂಬ ನಿಯಮ ಹಳೆಯ ಕಾಯ್ದೆಯ 17-ಬಿ ಪ್ರಕರಣದಲ್ಲಿತ್ತು, ಸಂಹಿತೆಯಲ್ಲೂ ಅದನ್ನು ಉಳಿಸಲಾಗಿದೆ. ಅದು ತಾನಾಗಿ ಬರುವುದಿಲ್ಲ. ನಾನು ಬೇರೆಲ್ಲಿಯೂ ಕೆಲಸದಲ್ಲಿಲ್ಲ ಎಂಬ ಅಫಿಡವಿಟ್ಟನ್ನು ನೀವು ಹೈಕೋರ್ಟಿನಲ್ಲಿ ಸಲ್ಲಿಸಬೇಕು. ತಡೆಯಾಜ್ಞೆ ಬಂತೆಂದು ತಿಳಿದ ದಿನವೇ ವಕೀಲರಿಗೆ ಫೋನ್ ಮಾಡಿ ಈ ಅರ್ಜಿ ಯಾವಾಗ ಹಾಕುತ್ತೀರಿ ಎಂದು ಕೇಳಿ.